ಒಂದಂಕದ ಪದ

ಬೀದರಿನ ಮೌಲ್ಯಮಾಪನ ಕೇಂದ್ರ, ಏಪ್ರಿಲ್.
ಮೇಲಿನ ಫ್ಯಾನು ಗಾಳಿ ಬಿಟ್ಟು ಬಿಸಿಲನ್ನೇ ತಿರುವುತ್ತಿದೆ.
ನಲವತ್ತೊಂದನೆಯ ಉತ್ತರಪತ್ರಿಕೆ.
ಪದದ ಅರ್ಥ ಬರೆಯಿರಿ: ಹೆಣಗು.
ಯಾವೂರ ಮಗುವೋ, ಹೆಸರಿಲ್ಲ, ಬರೀ ಸಂಖ್ಯೆ,
ಗುಂಡಗೆ ಬರೆದಿದೆ:
"ಹೆಣ ಆಗುವವರೆಗೂ ಬಿಡದೆ ಇರುವುದು."

ಮಾದರಿ ಉತ್ತರದಲ್ಲಿ ಇರುವುದು ಎರಡೇ,
ಕಷ್ಟಪಡು, ಒದ್ದಾಡು.
ನನ್ನ ಕೆಂಪು ಪೆನ್ನು ಸೊನ್ನೆ ಸುತ್ತಲು ಹೋಗಿ
ಅರ್ಧಕ್ಕೆ ನಿಂತಿತು.

ತಪ್ಪೇನೋ ಹೌದು.
ಹೆಣದಿಂದ ಬಂದ ಪದವಲ್ಲ ಇದು, ಮಗುವೇ.
ಹಾಲಿಗೆ ಪಾಲೆಂದು, ಹೂವಿಗೆ ಪೂವೆಂದು ಕರೆಯುತ್ತಿದ್ದ ಕಾಲಕ್ಕೆ
ಇದರ ಹೆಸರು ಪೆಣಗು.
ಒಡಹುಟ್ಟು ಪೆಣೆ: ಎರಡೆಳೆ
ಒಂದರ ಮೈಯೊಳಗೊಂದು ಹೊಕ್ಕು
ಯಾವುದು ಯಾವುದೆಂದು ತಾವೇ ಮರೆಯುವುದು.
ಹೆರಳು ಹೆಣೆಯುತ್ತೇವಲ್ಲ, ಹಾಗೆ.
ಹೊರಸಿಗೆ ಹಗ್ಗ ಹೆಣೆಯುತ್ತೇವಲ್ಲ, ಹಾಗೆ.
ನಿಘಂಟಿನ ಓಣಿಯಲ್ಲಿ ಮಾತ್ರ
ಮೇಲಿನ ಮನೆ ಹೆಣದ್ದು,
ಕೆಳಗೆ ಮೂರು ಬಾಗಿಲು ದಾಟಿದರೆ ಹೆಣ್ಣು,
ನಡುವೆ ಗೋಡೆಗೆ ಗೋಡೆ ಹಚ್ಚಿ ಇದು.
ನೆರೆಹೊರೆ ಅಷ್ಟೇ. ನೆಂಟಸ್ತನ ಇಲ್ಲ.

ಇದನ್ನು ನಾನು ಕಲಿತದ್ದು ನಿಘಂಟಿನಿಂದಲ್ಲ,
ಚಿಟಗುಪ್ಪದ ಒಂದು ಮಾಳಿಗೆಯ ಮೇಲೆ.
ಕೆಳಗೆ ತಾಲೀಮು. ಮಜ್ಜಿಗೆ, ಅರಿಶಿಣ, ಎಣ್ಣೆ ಕುಡಿಸಿ
ಎಂಟು ದಿನ ಕಲಸಿದ ಕೆಂಪು ಮಣ್ಣು.
ಅಪ್ಪ ಝರೆಪ್ಪ. ಎದುರಿಗೆ ಚಾಂದಪಾಶಾ,
ಅಪ್ಪನ ಲೋಟದಲ್ಲೇ ಬಾದಾಮಿ ಹಾಲು ಕುಡಿಯುವವ.
ಉಸ್ತಾದ ಇಮಾಮುದ್ದೀನ್ ಒದರುತ್ತಿದ್ದ: ಪಕಡ್! ಪಕಡ್!
ಅವ್ವನಿಗೆ ಆ ಮಾತಿನ ಗುರುತು ಇದ್ದದ್ದು ಒಲೆಯ ಬಳಿ,
ಬಿಸಿ ಬೋಗುಣಿ ಇಳಿಸುವ ಪಕ್ಕಡವಾಗಿ.

ಇಪ್ಪತ್ತೆರಡು ನಿಮಿಷ.
ಮೊದಮೊದಲು ತೋಳು ಯಾರದೆಂದು ತಿಳಿಯುತ್ತಿತ್ತು.
ಆಮೇಲೆ ಕಾಲು ಯಾರದೋ.
ಕೊನೆಕೊನೆಗೆ ಆ ಏದುಸಿರೂ ಯಾರದೋ.
ಹೆದರಿ ಸೆರಗು ಹಿಡಿದೆ.
ಅವ್ವ ಕುಂಬಿಗೊರಗಿ, ಹೊರಸು ಬಿಗಿಯುವವಳ ಕಣ್ಣಿಂದ ನೋಡಿ
"ಏನ್ ಹೆಣದಾರಲ್ಲ ಇಬ್ರೂ,
ಒಂದ್ ಎಳಿ ಸಡ್ಲ ಬಿಟ್ಟಿಲ್ಲ ನೋಡು" ಅಂದಳು.

ಬರಾಬರಿ ಅಂತ ಉಸ್ತಾದ ಸೀಟಿ ಊದಿದ.
ಬಿಡಿಸಲು ಮೂವರು ಬೇಕಾದರು.
ಅಪ್ಪನ ಬೆನ್ನ ಮೇಲೆ ಚಾಂದಪಾಶಾನ ಐದು ಬೆರಳು ಮಣ್ಣಲ್ಲಿ ಮೂಡಿ
ಹಂಡೆ ನೀರು ಕಾಯುವವರೆಗೂ ಹಾಗೇ ಇದ್ದವು.
ಸೋತಿಯೇನಪ್ಪಾ, ಎಂದು ಕೇಳಿದೆ.
"ಗೆದ್ದಿದ್ರ ಬಿಡ್ತಿದ್ದೆ. ಸೋತಿದ್ರೂ ಬಿಡ್ತಿದ್ದೆ."
ಮಡಚಿದ ಬೆರಳು ಬಿಚ್ಚಲಾಗದೆ
ರೊಟ್ಟಿ ಮುರಿದುಕೊಡೆಂದು ತಟ್ಟೆ ನನ್ನೆಡೆಗೆ ಸರಿಸಿದ.

ಇಲ್ಲಿಗೆ ಪಾಠ ಮುಗಿಯಬೇಕಿತ್ತು.
ಆದರೆ ಒಂಬತ್ತು ವರ್ಷದ ಮೇಲೆ ಒಂದು ಶುಕ್ರವಾರ
ಹುಮನಾಬಾದ ರಸ್ತೆಯಲ್ಲಿ ಚಾಂದಪಾಶಾನ ಟೆಂಪೋ ಮಗುಚಿತು.
ಜನಾಜಾಕ್ಕೆ ಅಪ್ಪ ಹೆಗಲು ಕೊಟ್ಟ.
ಹತ್ತು ಹೆಜ್ಜೆಗೊಮ್ಮೆ ಹೆಗಲು ಬದಲಾಗುವುದು ಅಲ್ಲಿಯ ರೂಢಿ,
ಮುಂದಿನವ ಬಂದು ಭುಜ ಮುಟ್ಟಿದ, ಅವನ ಹಿಂದಿನವನೂ ಬಂದ.
ಅಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ.
ಖಬರಸ್ತಾನದ ಬೇವಿನ ಗಿಡದವರೆಗೆ
ಅದೇ ಪಟ್ಟು, ಅದೇ ಬೆರಳು.
ಉಸ್ತಾದ ಮುದುಕನಾಗಿದ್ದ, ಹತ್ತಿರ ಬಂದು
ಕಿವಿಯಲ್ಲಿ ಮೆಲ್ಲಗೆ ಹೇಳಿದ, "ಛೋಡ್, ಬೇಟಾ."

ಎಲೈ ಮಗುವೇ,
ನಿನಗೆ ಗುರುವಿಲ್ಲ, ನಿಘಂಟಿಲ್ಲ,
ಹೆಣವೆಂಬ ಸುಳ್ಳು ಬಾಗಿಲು ತಟ್ಟಿ
ನಮ್ಮ ಮನೆಯ ಪಡಸಾಲೆಗೇ ಬಂದು ನಿಂತೆಯಲ್ಲ.
ನೀನು ತಪ್ಪಿದ್ದು "ವರೆಗೂ" ಎಂಬಲ್ಲಿ ಮಾತ್ರ.

ಉಪ ಮುಖ್ಯ ಪರೀಕ್ಷಕರು ಬೆನ್ನ ಹಿಂದೆ ಬಂದರು.
"ಏನ್ ಟೀಚರ, ಒಂದಂಕಕ್ಕ ಇಷ್ಟೊತ್ತು?"
ಮುಕ್ಕಾಲು ಕೊಡಬಹುದೇ ಸರ್, ಅಂದೆ. ನಕ್ಕು ಹೋದರು.

ಮುಚ್ಚದೆ ಬಿಟ್ಟ ಸೊನ್ನೆ ಕಾಯುತ್ತಿತ್ತು.
ಅದರ ತುದಿಗೊಂದು ಸಣ್ಣ ಕೊಕ್ಕೆ ಹಾಕಿದೆ.
ಕನ್ನಡದ ಒಂದು ಆಯಿತು.
೧